ಟ್ಯಾಬ್ ಬಂತು, ಟ್ಯಾಲಿ ಹಾಳೆ ಹೋಗಲಿಲ್ಲ. ಟರ್ಮಿನಲ್‌ನ ಹಳಬರಿಗೆ ಹೊಸ ಸಿಸ್ಟಂ ಕಲಿಸುವುದು ಹೇಗೆ?

ನೈಟ್‌ಶಿಫ್ಟ್_ನಾಗ

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಕರಾವಳಿಯ ಒಂದು ಕಂಟೇನರ್ ಟರ್ಮಿನಲ್‌ನಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದೇನೆ. ಯಾವುದು ಅಂತ ಕೇಳಬೇಡಿ, ನೌಕರಿ ಬೇಕು.

ನಮ್ಮಲ್ಲಿ ಹೊಸ ಸಿಸ್ಟಂ ಬಂದು ನಾಲ್ಕು ತಿಂಗಳಾಯಿತು. ಮೊದಲು ಹಡಗಿನ ಕ್ರೇನ್ ಕೆಳಗೆ ಟ್ಯಾಲಿ ಕ್ಲರ್ಕ್ ಹಾಳೆ, ಪೆನ್ನು ಹಿಡಿದು ನಿಲ್ಲುತ್ತಿದ್ದರು. ಕಂಟೇನರ್ ಇಳಿದ ಕೂಡಲೇ ನಂಬರ್, ಸೀಲ್, ಡ್ಯಾಮೇಜ್ ಇದ್ದರೆ ಅದು, ಎಲ್ಲ ಬರೆದುಕೊಂಡು ವಾಕಿಟಾಕಿಯಲ್ಲಿ ಕೂಗುತ್ತಿದ್ದರು. ಈಗ ಅವರ ಕೈಗೆ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿಯುವ ಟ್ಯಾಬ್‌ನಂಥ ಮಿಷನ್, ಕೊಟ್ಟಿದ್ದಾರೆ. ಆರ್‌ಟಿಜಿ (ಯಾರ್ಡ್, ಅಂದರೆ ಕಂಟೇನರ್ ಪೇರಿಸಿಡುವ ಬಯಲಿನಲ್ಲಿ ಓಡಾಡುವ ಟೈರಿನ ಕ್ರೇನ್) ಕ್ಯಾಬಿನ್‌ನಲ್ಲೂ ಯಾರ್ಡ್ ಗಾಡಿಗಳಲ್ಲೂ ಸ್ಕ್ರೀನ್ ಕೂರಿಸಿದ್ದಾರೆ. ಯಾವ ಬಾಕ್ಸ್ ಯಾವ ಬ್ಲಾಕ್‌ಗೆ, ಎಷ್ಟನೇ ಸಾಲು, ಎಷ್ಟನೇ ಎತ್ತರ, ಎಲ್ಲವೂ ಸ್ಕ್ರೀನಿನಲ್ಲೇ ಬರುತ್ತದೆ.

ಟ್ರೈನಿಂಗ್ ಅಂತ ಕೊಟ್ಟಿದ್ದು ಎರಡು ಗಂಟೆ. ಎಸಿ ಹಾಲ್, ಇಂಗ್ಲಿಷ್ ಸ್ಲೈಡ್, ಸಮೋಸ, ಕೊನೆಗೆ ಒಂದು ಸಹಿ.

ಈಗ ಏನಾಗುತ್ತಿದೆ ಅಂದರೆ, ಹಳಬರೆಲ್ಲ ಜೇಬಿನಲ್ಲಿ ಹಾಳೆ ಇಟ್ಟುಕೊಂಡೇ ಬರುತ್ತಾರೆ. ಇಡೀ ಶಿಫ್ಟ್ ಪೆನ್ನಿನಲ್ಲಿ ಬರೆದು, ಕೊನೆಯ ಮುಕ್ಕಾಲು ಗಂಟೆ ಒಂದೆಡೆ ಕೂತು ಎಲ್ಲವನ್ನೂ ಒಟ್ಟಿಗೆ ಹ್ಯಾಂಡ್‌ಹೆಲ್ಡ್‌ಗೆ ತುಂಬುತ್ತಾರೆ. ಅಷ್ಟು ಹೊತ್ತು ಸಿಸ್ಟಂ ಪ್ರಕಾರ ಬಾಕ್ಸ್ ಇನ್ನೂ ಹಡಗಿನಲ್ಲೇ ಇರುತ್ತದೆ. ನಿಜದಲ್ಲಿ ಅದು ಯಾರ್ಡ್‌ನಲ್ಲಿ ಬಿಸಿಲು ಕಾಯುತ್ತಿರುತ್ತದೆ. ಹೋದ ವಾರ ಒಂದು 40 ಅಡಿ ಬಾಕ್ಸ್ ಹುಡುಕಲು ಮೂರು ಗಂಟೆ ಹಿಡಿಯಿತು. ಪಕ್ಕದ ಸಾಲಿನಲ್ಲೇ ಇತ್ತು.

ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಮಾಮಾ ಅನ್ನುತ್ತೇವೆ, ರಿಟೈರ್ ಆಗಲು ಮೂರು ವರ್ಷ ಬಾಕಿ. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಅವರೇ ಹಾಳೆ ಬಿಡದಿದ್ದರೆ ಉಳಿದವರು ಹೇಗೆ ಬಿಟ್ಟಾರು? ಮೇಲಿನವರು "ಮೆಮೊ ಕೊಡಿ" ಅನ್ನುತ್ತಿದ್ದಾರೆ. ನನಗೆ ಕೆಲಸ ಕಲಿಸಿದವರೇ ಅವರು. ಮೆಮೊ ಕೊಡಲು ಕೈ ಬರುತ್ತಿಲ್ಲ. ಇಂಥದ್ದನ್ನು ನೋಡಿದವರು ದಯವಿಟ್ಟು ಹೇಳಿ.

ಖಾಲಿ_ಡಬ್ಬ

ಸಮೋಸ ಚೆನ್ನಾಗಿತ್ತಾ?

ನೈಟ್‌ಶಿಫ್ಟ್_ನಾಗ

ಆರಿ ಹೋಗಿತ್ತು. ಟ್ರೈನಿಂಗ್‌ಗಿಂತ ವಾಸಿ.

ಗೋಲೈವ್_ಗಿರಿ

ಇಂಥ ಸಾಫ್ಟ್‌ವೇರ್ ಹಾಕುವ ತಂಡದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಬಂದರುಗಳಲ್ಲಲ್ಲ, ಗೋದಾಮುಗಳಲ್ಲಿ. ಕಥೆ ಮಾತ್ರ ಎಲ್ಲ ಕಡೆ ಒಂದೇ. ಹಾಳೆ ಇರುವ ತನಕ ಹಾಳೆಯೇ ಗೆಲ್ಲುತ್ತದೆ. ಒಂದು ತಾರೀಕು ಗೊತ್ತು ಮಾಡಿ, ಅವತ್ತಿನಿಂದ ಹಾಳೆ ಬಂದ್ ಮಾಡಿ. ಎರಡು ವಾರ ಗಲಾಟೆ ಇರುತ್ತದೆ, ಆಮೇಲೆ ಎಲ್ಲರೂ ಕಲಿಯುತ್ತಾರೆ. ಮೆಮೊ ಕೊಡುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಮಾಮಾ ಅಂತ ಮುಲಾಜು ನೋಡಿದರೆ ಇನ್ನೂ ನಾಲ್ಕು ತಿಂಗಳು ಇದೇ ಪಾಡು.

ಆರ್‌ಟಿಜಿ_ಏಳನೇ_ಗಾಡಿ

ಗಿರಿಯವರೇ, ಗೋದಾಮಿಗೆ ಸೂರು ಇರುತ್ತದೆ. ಹಡಗು ಕಟ್ಟುವ ಬರ್ತ್‌ಗೆ ಇರುವುದಿಲ್ಲ.

ನಾನು ಬೇರೆ ಬಂದರಿನಲ್ಲಿ ಆರ್‌ಟಿಜಿ ಓಡಿಸುತ್ತೇನೆ. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಆ ಹ್ಯಾಂಡ್‌ಹೆಲ್ಡ್ ಹಿಡಿದು ನೋಡಿ. ಸ್ಕ್ರೀನಿನಲ್ಲಿ ನಿಮ್ಮ ಮುಖ ಕಾಣುತ್ತದೆ, ನಂಬರ್ ಕಾಣುವುದಿಲ್ಲ. ಕೈಯಲ್ಲಿ ಗ್ಲೌಸ್ ಇದ್ದರೆ ಟಚ್ ಆಗುವುದಿಲ್ಲ. ಗ್ಲೌಸ್ ತೆಗೆದರೆ ಸೇಫ್ಟಿಯವರು ಬಯ್ಯುತ್ತಾರೆ. ಜೂನ್‌ನಲ್ಲಿ ಮಳೆ ಹನಿಯೇ ಬಟನ್ ಒತ್ತುತ್ತದೆ! ಬ್ಲಾಕ್‌ಗಳ ನಡುವೆ ಐದು ಬಾಕ್ಸ್ ಎತ್ತರದ ಗೋಡೆ ಎದ್ದಿರುತ್ತದೆ, ಎಲ್ಲ ಕಬ್ಬಿಣ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಬಟನ್ ಒತ್ತಿ ಚಕ್ರ ತಿರುಗುವುದನ್ನು ನೋಡುತ್ತ ನಿಂತರೆ ಮೇಲಿನಿಂದ ಮುಂದಿನ ಬಾಕ್ಸ್ ಬಂದೇ ಬಿಟ್ಟಿರುತ್ತದೆ. ಕ್ರೇನ್ ಗಂಟೆಗೆ 25-30 ಬಾಕ್ಸ್ ಎತ್ತುತ್ತದೆ ಸ್ವಾಮಿ. ಎರಡು ನಿಮಿಷಕ್ಕೆ ಒಂದು. ಪೆನ್ನಿಗೆ ಬೇಕಾಗುವುದು ಐದು ಸೆಕೆಂಡು.

ನಾಗ ಅವರೇ, ನಿಮ್ಮ ಮಾಮಾ ಹಾಳೆ ಬಿಡದಿರುವುದು ಹಟಕ್ಕೋ, ಇಂಥ ಕಾರಣಕ್ಕೋ? ಕೇಳಿದ್ದೀರಾ?

ನೈಟ್‌ಶಿಫ್ಟ್_ನಾಗ

ನಿಜ ಹೇಳಬೇಕು ಅಂದರೆ ಕೇಳಿಲ್ಲ. "ಮಾಮಾ, ಎಂಟ್ರಿ ಹಾಕಿ ಮಾಮಾ" ಅಂತ ಹೇಳಿದ್ದೇ ಹೇಳಿದ್ದು. ಇವತ್ತು ನೈಟ್ ಇದೆ, ಕೇಳುತ್ತೇನೆ.

ಗೋಲೈವ್_ಗಿರಿ

ಬಿಸಿಲು, ಗ್ಲೌಸ್ ವಿಷಯ ಒಪ್ಪಿದೆ. ಅದು ಮಿಷನ್ ಆರಿಸಿದವರ ತಪ್ಪು. ಗ್ಲೌಸ್‌ನಲ್ಲೂ ಕೆಲಸ ಮಾಡುವ, ನಿಜವಾದ ಕೀಲಿಗಳಿರುವ ಹ್ಯಾಂಡ್‌ಹೆಲ್ಡ್‌ಗಳು ಸಿಗುತ್ತವೆ, ರೇಟ್ ಜಾಸ್ತಿ. ಆದರೂ ಒಂದು ಮಾತು. ನಾಲ್ಕು ತಿಂಗಳಲ್ಲಿ ಯಾರೂ ಇದನ್ನು ಬರೆದು ಕೊಡಲಿಲ್ಲ ಏಕೆ?

ಆರ್‌ಟಿಜಿ_ಏಳನೇ_ಗಾಡಿ

ಬರೆದು ಕೊಡುವ ಫಾರ್ಮ್ ಕೂಡ ಆ ಹ್ಯಾಂಡ್‌ಹೆಲ್ಡ್ ಒಳಗೇ ಇರುತ್ತದೆ 😄

ಮಸ್ಜಿದ್‌ಬಂದರ್_ಶೆಟ್ಟಿ

ನಾನು ಮುಂಬಯಿ ಡಾಕ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಕುಂದಾಪುರದ ಹತ್ತಿರ ತೋಟ ನೋಡಿಕೊಂಡಿದ್ದೇನೆ. ಹುಡುಗರು ಜಗಳ ಆಡುವುದು ನೋಡಿ ನಾಲ್ಕು ಮಾತು ಬರೆಯೋಣ ಅನ್ನಿಸಿತು.

ನಾನು ಊರು ಬಿಟ್ಟಾಗ ಹದಿನೇಳು ವರ್ಷ. ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವನು. ಆಮೇಲೆ ಪರಿಚಯದವರೊಬ್ಬರು ಡಾಕ್‌ಗೆ ಸೇರಿಸಿದರು. ಆಗ ಎಲ್ಲ ಮೂಟೆ, ಪೆಟ್ಟಿಗೆ, ಪೀಪಾಯಿ. ಹಡಗಿನ ಹೊಟ್ಟೆಯೊಳಗೆ ಒಂದು ಗ್ಯಾಂಗ್, ದಡದಲ್ಲಿ ಇನ್ನೊಂದು. ಕೈಯಲ್ಲಿ ಹುಕ್. ಒಂದು ಹಡಗು ಖಾಲಿ ಮಾಡಲು ವಾರ ಹಿಡಿಯುತ್ತಿತ್ತು, ಕೆಲವು ಸಲ ಇನ್ನೂ ಹೆಚ್ಚು. ನಮ್ಮ ಕೆಲಸಕ್ಕೆ ಕಾನೂನಿನ ಬೆಂಬಲ ಇತ್ತು. 1948ರ ಡಾಕ್ ವರ್ಕರ್ಸ್ ಕಾಯ್ದೆ, ಡಾಕ್ ಲೇಬರ್ ಬೋರ್ಡ್.

ಕಂಟೇನರ್ ಅನ್ನುವ ಡಬ್ಬಿ ಬಂದಾಗ ನಾವು ನಕ್ಕೆವು. ಅಮೆರಿಕದಲ್ಲಿ 1956ರಲ್ಲೇ ಐಡಿಯಲ್ ಎಕ್ಸ್ ಅನ್ನುವ ಹಡಗು 58 ಡಬ್ಬಿ ಹೊತ್ತು ಹೊರಟಿತ್ತಂತೆ. ನಮಗೆ ಅದರ ಬಿಸಿ ತಟ್ಟಲು ಎಷ್ಟೋ ವರ್ಷ ಬೇಕಾಯಿತು. 1989ರಲ್ಲಿ ಖಾಡಿಯ ಆಚೆ ದಡದಲ್ಲಿ ನಾವಾ ಶೇವಾ ಬಂದರು ಶುರುವಾಯಿತು. ನಿಧಾನಕ್ಕೆ ಡಬ್ಬಿಗಳೆಲ್ಲ ಆ ಕಡೆ ಹೋದವು. ನಮ್ಮ ಗ್ಯಾಂಗ್‌ನಲ್ಲಿ ಹುಕ್ ಹಿಡಿಯುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡವನು ಕೊನೆಗೆ ಗೇಟಿನಲ್ಲಿ ಕೂತು ಹಾಜರಿ ಹಾಕಿ ಮನೆಗೆ ಹೋಗುತ್ತಿದ್ದ. ಸಂಬಳ ಬರುತ್ತಿತ್ತು. ಆದರೂ ಆ ಮನುಷ್ಯ ಸೊರಗಿ ಹೋದ. ದುಡ್ಡಿಗೆ ಅಲ್ಲ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ ಅನ್ನುವುದಕ್ಕೆ.

ನಾಗ, ನಿಮ್ಮ ಮಾಮಾನಿಗೆ ಆ ಹಾಳೆ ಬರೀ ಹಾಳೆ ಅಲ್ಲ. ಬಾಕ್ಸ್ ಎಲ್ಲಿದೆ ಅಂತ ಇಲ್ಲಿಯವರೆಗೆ ಎಲ್ಲರೂ ಅವರನ್ನು ಕೇಳುತ್ತಿದ್ದರು. ಈಗ ಸ್ಕ್ರೀನನ್ನು ಕೇಳುತ್ತಾರೆ.

ಖಾಲಿ_ಡಬ್ಬ

ಶೆಟ್ರೇ, ನಿಮ್ಮ ಡಾಕ್ ದಿನಗಳ ಬಗ್ಗೆ ಬೇರೆಯಾಗಿ ಬರೆಯಿರಿ. ಕಾಯುತ್ತೇವೆ.

ಕೆಂಪು_ಅಂಗಿ

ಕಲಿಸುವುದು ಹೇಗೆ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ಕಲಿತ ಮೇಲೆ ಕೆಲಸ ಇರುತ್ತದಾ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರೂ ಸಿಸ್ಟಂ ಕಲಿತರೆ ಹತ್ತು ಟ್ಯಾಲಿ ಕ್ಲರ್ಕ್ ಜಾಗದಲ್ಲಿ ನಾಲ್ಕು ಸಾಕು. ಕ್ರೇನ್ ಕಾಲಿಗೆ ಕ್ಯಾಮೆರಾ ಹಾಕಿ ನಂಬರನ್ನು ಅದೇ ಓದುವಂತೆ ಮಾಡಿದರೆ ಆ ನಾಲ್ಕೂ ಬೇಡ. ಮಾಮಾನಿಗೆ ಇದು ಗೊತ್ತಿಲ್ಲ ಅಂದುಕೊಂಡಿರಾ? ತನ್ನ ಗುಂಡಿ ತಾನೇ ತೋಡು ಅಂತ ಸಲಿಕೆ ಕೊಟ್ಟು, ಸಲಿಕೆ ಹಿಡಿಯುವುದನ್ನು ಕಲಿಸಲು ಸಮೋಸ ಬೇರೆ.

ಅಮೆರಿಕದ ಪಶ್ಚಿಮ ಕರಾವಳಿಯ ಡಾಕ್ ಕಾರ್ಮಿಕರ ಸಂಘ 1960ರಲ್ಲೇ ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡಿತು. ಹ್ಯಾರಿ ಬ್ರಿಡ್ಜಸ್ ಆಗ ಸಂಘದ ನಾಯಕ. ಯಂತ್ರ ತನ್ನಿ, ನಾವು ತಡೆಯುವುದಿಲ್ಲ. ಆದರೆ ನೋಂದಾಯಿತ ಕೆಲಸಗಾರರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಉಳಿತಾಯದಲ್ಲಿ ಪಾಲು ಕೊಡಬೇಕು, ಬೇಗ ನಿವೃತ್ತರಾಗುವವರಿಗೆ ದುಡ್ಡು ಕೊಡಬೇಕು. ಮೊದಲು ಆ ಮಾತು, ಆಮೇಲೆ ಯಂತ್ರ. ನಮ್ಮಲ್ಲಿ ಎಲ್ಲ ಉಲ್ಟಾ.

ಗೋಲೈವ್_ಗಿರಿ

ಅದೇ ಅಮೆರಿಕದ ಪೂರ್ವ ಕರಾವಳಿಯಲ್ಲಿ 2024ರ ಅಕ್ಟೋಬರ್ 1ಕ್ಕೆ ಮುಷ್ಕರ ಮಾಡಿ ಮೂರೇ ದಿನದಲ್ಲಿ ಆರು ವರ್ಷಕ್ಕೆ 62% ಸಂಬಳ ಏರಿಕೆಗೆ ಒಪ್ಪಿಸಿಕೊಂಡರು. ಆಟೊಮೇಷನ್ ಬೇಡವೇ ಬೇಡ ಅಂತಲೂ ಹಟ ಹಿಡಿದರು. ನಮ್ಮ ಟ್ಯಾಲಿ ಕ್ಲರ್ಕ್‌ಗಳಿಗೆ ಆ ಬಲ ಇದೆಯಾ? ಕಾಂಟ್ರಾಕ್ಟ್ ಮೇಲಿರುವವರೇ ಜಾಸ್ತಿ ಅಲ್ವಾ?

ಕೆಂಪು_ಅಂಗಿ

ಬಲ ಇಲ್ಲ ಅಂತ ಹೇಳಿ ಹೇಳಿಯೇ ಇಲ್ಲದ ಹಾಗೆ ಮಾಡಿದ್ದು.

ಹತ್ತು_ಚಕ್ರ

ನಾನು ಲಾರಿ ಓಡಿಸುವವನು. ಕಾಫಿ, ಗೋಡಂಬಿ, ಗ್ರಾನೈಟ್, ಏನು ಸಿಕ್ಕರೆ ಅದು. ನಿಮ್ಮ ಚರ್ಚೆ ಓದಿ ಖುಷಿ ಆಯಿತು, ಸಿಟ್ಟೂ ಬಂತು. ಆ 40 ಅಡಿ ಬಾಕ್ಸ್ ಹುಡುಕಲು ಮೂರು ಗಂಟೆ ಆಯಿತು ಅಂದಿರಿ. ಆ ಮೂರು ಗಂಟೆ ಹೊರಗೆ ಕಾದವನು ಯಾರು? ನನ್ನಂಥವನೇ ಒಬ್ಬ. ನೀರಿಲ್ಲ, ಶೌಚಾಲಯ ಇಲ್ಲ, ಹಿಂದೆ ಸಾಲು ಬೆಳೆದಿರುತ್ತದೆ. ಶಿರಾಡಿ ಘಾಟಿನಲ್ಲಿ ಗುಡ್ಡ ಕುಸಿದು ಒಂದು ದಿನ ಹೋಗಿರುತ್ತದೆ, ಇಲ್ಲಿ ಬಂದರೆ "ಬಾಕ್ಸ್ ಸಿಸ್ಟಂನಲ್ಲಿ ಇಲ್ಲ" ಅನ್ನುತ್ತಾರೆ. ಕಣ್ಣೆದುರಿಗೇ ಇರುತ್ತದೆ, ಬೆರಳು ಮಾಡಿ ತೋರಿಸಬಹುದು. ಸಿಸ್ಟಂನಲ್ಲಿ ಇಲ್ಲವಂತೆ.

ನಮಗೂ ಯಾರೂ ಕಲಿಸಲಿಲ್ಲ. ಫಾಸ್ಟ್ಯಾಗ್ ಬಂತು. 2021ರ ಫೆಬ್ರವರಿಯಲ್ಲಿ ಒಂದು ಮಧ್ಯರಾತ್ರಿಯಿಂದ ಕಡ್ಡಾಯ, ಇಲ್ಲದಿದ್ದರೆ ಡಬಲ್ ದುಡ್ಡು. ಎರಡು ಸಲ ಡಬಲ್ ಕೊಟ್ಟೆ, ಮೂರನೇ ಸಲ ಟ್ಯಾಗ್ ಅಂಟಿಸಿದೆ. ಬಂದರಿನ ಗೇಟ್ ದಾಟಲು ಬೇಕಾದ ಫಾರ್ಮ್ 13 ಮೊಬೈಲಿಗೆ ಬಂತು, ಅದನ್ನೂ ಕಲಿತೆವು. ನನಗೆ ಇಂಗ್ಲಿಷ್ ಬರುವುದಿಲ್ಲ. ಹಸಿರು ಬಂದರೆ ಹೋಗು, ಕೆಂಪು ಬಂದರೆ ಫೋನ್ ಮಾಡು, ಅಷ್ಟೇ ಕಲಿತಿದ್ದು. ಅದಕ್ಕೇ ಗಿರಿ ಸರ್ ಹೇಳಿದ್ದು ಸರಿ ಅನ್ನಿಸುತ್ತದೆ. ಹಾಳೆ ಕಿತ್ತುಕೊಳ್ಳಿ.

ಪಹಣಿ_ಪುಟ್ಟಸ್ವಾಮಿ

ಹಾಳೆ ಕಿತ್ತುಕೊಳ್ಳುವ ವಿಷಯಕ್ಕೆ ಬಂದರೆ ನನ್ನದೂ ಒಂದು ಅನುಭವ ಇದೆ. ಗ್ರಾಮ ಲೆಕ್ಕಿಗನಾಗಿದ್ದವನು ನಾನು. ಪಹಣಿಯನ್ನು ಕಂಪ್ಯೂಟರ್‌ಗೆ ಹಾಕುವ 'ಭೂಮಿ' ಬಂದ ಕಾಲ, 2000ದ ಆಸುಪಾಸು. ಅಲ್ಲಿಯವರೆಗೆ ಪಹಣಿ ಅಂದರೆ ನಮ್ಮ ಕೈಬರಹ, ನಮ್ಮ ಚೀಲದಲ್ಲಿರುವ ಪುಸ್ತಕ. ರೈತ ನಮ್ಮನ್ನು ಹುಡುಕಿಕೊಂಡು ಬರಬೇಕಿತ್ತು. ಕಂಪ್ಯೂಟರ್ ಬಂದ ತಾಲೂಕಿನಲ್ಲಿ ಡೇಟಾ ಸರಿ ಅಂತ ಆದ ಮೇಲೆ ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಅಂತ ಸರ್ಕಾರ ಆದೇಶ ಮಾಡಿತು. ಎರಡೂ ಒಟ್ಟಿಗೆ ನಡೆಯಲು ಬಿಟ್ಟಿದ್ದರೆ ಇವತ್ತಿಗೂ ನಡೆಯುತ್ತಿತ್ತು.

ಆದರೆ ಗಿರಿಯವರು ಒಂದು ಗಮನಿಸಬೇಕು. ಬಂದ್ ಮಾಡುವುದಕ್ಕೆ ಮುಂಚೆ ತಿಂಗಳುಗಟ್ಟಲೆ ಪ್ರಿಂಟ್ ತೆಗೆದು ನಮ್ಮ ಕೈಯಲ್ಲೇ ತಾಳೆ ಹಾಕಿಸಿದರು. ಹೆಸರು ತಪ್ಪು, ಗುಂಟೆ ತಪ್ಪು, ಸರ್ವೆ ನಂಬರ್ ತಪ್ಪು, ಎಲ್ಲ ನಾವೇ ಕೆಂಪು ಪೆನ್ನಿನಲ್ಲಿ ತಿದ್ದಿದ್ದು. ತಿದ್ದುತ್ತ ತಿದ್ದುತ್ತ ಅದು ನಮ್ಮದೂ ಆಯಿತು. ಬೈದುಕೊಂಡೇ ಕಲಿತೆವು ಅನ್ನಿ.

ಕೌಂಟರ್_ನಂ_3

ಬ್ಯಾಂಕಿನಲ್ಲೂ ಹೀಗೇ. ಕಂಪ್ಯೂಟರ್ ಬಂದು ವರ್ಷವಾದರೂ ನಮ್ಮ ಹೆಡ್ ಕ್ಯಾಷಿಯರ್ ಡ್ರಾಯರ್‌ನಲ್ಲಿ ಒಂದು ಲೆಡ್ಜರ್ ಇಟ್ಟಿದ್ದರು, ಬೀಗ ಹಾಕಿ. ಸಂಜೆ ಮಿಷನ್ ಹೇಳಿದ್ದನ್ನು ಲೆಡ್ಜರ್‌ಗೆ ಹೋಲಿಸಿ ತಾಳೆ ಆದರೆ ಮಾತ್ರ ಮನೆಗೆ. 2000-01ರ ವಿಆರ್‌ಎಸ್‌ನಲ್ಲಿ (ಸ್ವಯಂ ನಿವೃತ್ತಿ ಯೋಜನೆ) ಸರ್ಕಾರಿ ಬ್ಯಾಂಕುಗಳಿಂದ ಲಕ್ಷಕ್ಕೂ ಹೆಚ್ಚು ಜನ ಹೊರಗೆ ಹೋದರಲ್ಲ, ಅವರೂ ಆಗಲೇ ಹೋದರು. ಹೋಗುವ ದಿನ ಲೆಡ್ಜರ್ ನನಗೆ ಕೊಟ್ಟರು. ಮನೆಯಲ್ಲಿ ಇನ್ನೂ ಇದೆ. ಯಾಕೆ ಅಂತ ಕೇಳಬೇಡಿ.

ಹೈಕ್ಯೂಬ್_ಹುಡುಗಿ

ನಾನು ಟ್ಯಾಲಿಯಲ್ಲೇ ಇದ್ದೇನೆ, ಎರಡು ವರ್ಷ ಆಯಿತು. ನಮ್ಮ ಬ್ಯಾಚ್‌ಗೆ ಹ್ಯಾಂಡ್‌ಹೆಲ್ಡ್ ಕಲಿಯಲು ಮೂರು ದಿನ ಸಾಕಾಯಿತು. ಫೋನ್ ಥರವೇ ತಾನೇ? ಆದರೆ ಮೊದಲ ತಿಂಗಳು ನಾನು ಮಾಡಿದಷ್ಟು ತಪ್ಪು ಯಾರೂ ಮಾಡಿರಲಿಕ್ಕಿಲ್ಲ. ಬಟನ್ ಗೊತ್ತಿತ್ತು, ಬಾಕ್ಸ್ ಗೊತ್ತಿರಲಿಲ್ಲ. ಬಾಗಿಲ ಮೇಲಿನ 22ಜಿ1 ಅಂದರೆ 20 ಅಡಿಯದು, 45ಜಿ1 ಅಂದರೆ ಒಂಬತ್ತೂವರೆ ಅಡಿ ಎತ್ತರದ 40 ಅಡಿಯದು ಅಂತ ಹೇಳಿಕೊಟ್ಟಿದ್ದು ನಮ್ಮ ಸೀನಿಯರ್ ಒಬ್ಬರು. ಯಾವ ಉಬ್ಬು ಹಳೆಯದು, ಯಾವುದು ಈಗಷ್ಟೇ ಆಗಿದ್ದು ಅಂತ ತುಕ್ಕು ನೋಡಿ ಹೇಳುವುದನ್ನೂ ಅವರೇ ಕಲಿಸಿದರು. ತುಕ್ಕು ಹಿಡಿದಿದ್ದರೆ ಹಡಗಿನವರದ್ದು, ಲೋಹ ಹೊಳೆಯುತ್ತಿದ್ದರೆ ನಮ್ಮದು! ಇದು ಯಾವ ಸ್ಲೈಡ್‌ನಲ್ಲೂ ಇರಲಿಲ್ಲ.

ಅವರಿಗೆ ನಾನು ಹ್ಯಾಂಡ್‌ಹೆಲ್ಡ್ ಹೇಳಿಕೊಟ್ಟೆ. ಎಲ್ಲರ ಮುಂದೆ ಅಲ್ಲ. ಊಟದ ಹೊತ್ತಿನಲ್ಲಿ, ಖಾಲಿ ಬಾಕ್ಸ್‌ಗಳ ಹಿಂದೆ. ಅವರು ಮೊದಲು ಕೇಳಿದ್ದು "ತಪ್ಪು ಒತ್ತಿದರೆ ಏನಾಗುತ್ತದೆ?" ಅಂತ. ಯಾಕೆಂದರೆ ಪ್ರತಿ ಎಂಟ್ರಿಗೂ ಅವರ ಐಡಿ, ಟೈಮು ದಾಖಲಾಗುತ್ತದೆ. ಹಾಳೆಯಲ್ಲಿ ಗೀಟು ಹಾಕಿ ಪಕ್ಕದಲ್ಲಿ ಬರೆದರೆ ಮುಗಿಯಿತು. ಇಲ್ಲಿ ತಪ್ಪು ಉಳಿದುಬಿಡುತ್ತದೆ. ತಿಂಗಳ ಕೊನೆಗೆ ಲಿಸ್ಟ್ ಆಗಿ ನೋಟಿಸ್ ಬೋರ್ಡ್‌ಗೆ ಬರುತ್ತದೆ. ನಾಗ ಸರ್, ನಿಮ್ಮಲ್ಲೂ ಆ ಲಿಸ್ಟ್ ಇದೆಯಾ?

ನೈಟ್‌ಶಿಫ್ಟ್_ನಾಗ

ಇದೆ. ನಾನೇ ಅಂಟಿಸುತ್ತೇನೆ 😐

ಆರ್‌ಟಿಜಿ_ಏಳನೇ_ಗಾಡಿ

ಸಿಕ್ಕಿತಲ್ಲ ಉತ್ತರ.

ಗಣಿತ_ಮೇಷ್ಟ್ರು

ಬಂದರಿಗೂ ನನಗೂ ಸಂಬಂಧ ಇಲ್ಲ, ಹೈಸ್ಕೂಲ್ ಮೇಷ್ಟ್ರು. ಆದರೆ ಕಂಟೇನರ್ ನಂಬರಿನ ಕೊನೆಯ ಅಂಕಿ ಉಳಿದ ನಂಬರ್ ಸರಿಯಾ ಅಂತ ನೋಡಲು ಇರುತ್ತದೆ ಅಂತ ಎಲ್ಲೋ ಕೇಳಿದ್ದೆ. ಯಾರಾದರೂ ಬಿಡಿಸಿ ಹೇಳಿ.

ಹೈಕ್ಯೂಬ್_ಹುಡುಗಿ

ಹೌದು ಸರ್. ನಾಲ್ಕು ಅಕ್ಷರ, ಆರು ಅಂಕಿ, ಆಮೇಲೆ ಚೌಕದೊಳಗೆ ಏಳನೆಯದು. ಅಕ್ಷರಕ್ಕೂ ಒಂದೊಂದು ಬೆಲೆ ಇದೆ. ಎ ಅಂದರೆ 10, ಬಿ 12, ಸಿ 13, ಹೀಗೆ ಜ಼ೆಡ್ 38ರ ತನಕ. 11, 22, 33 ಬಿಟ್ಟುಬಿಡುತ್ತಾರೆ. ಎಡದಿಂದ ಶುರು ಮಾಡಿ ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಆಮೇಲೆ 4, 8, 16, ಹೀಗೆ 512ರ ತನಕ ಗುಣಿಸಿ ಕೂಡಿಸಬೇಕು. ಮೊತ್ತವನ್ನು 11ರಿಂದ ಭಾಗಿಸಿದರೆ ಉಳಿಯುವುದೇ ಆ ಕೊನೆಯ ಅಂಕಿ. ಒಂದು ಅಂಕಿ ತಪ್ಪು ಒತ್ತಿದರೂ ಹ್ಯಾಂಡ್‌ಹೆಲ್ಡ್ ಕೀಂ ಅನ್ನುವುದು ಇದರಿಂದಲೇ.

ಗಣಿತ_ಮೇಷ್ಟ್ರು

ಬಲು ಚೆನ್ನ! ಸಿಎಸ್‌ಕ್ಯೂಯು 305438 ಅಂತ ಒಂದು ಮಾದರಿ ನಂಬರ್ ಸಿಕ್ಕಿತು, ಲೆಕ್ಕ ಹಾಕಿದೆ. ಮೊತ್ತ 6185. ಹನ್ನೊಂದು ಇಂಟು 562 ಅಂದರೆ 6182. ಶೇಷ 3. ಡಬ್ಬಿಯ ಮೇಲೆ ಇರಬೇಕಾದದ್ದೂ 3. ನಾಳೆ ಒಂಬತ್ತನೇ ಕ್ಲಾಸಿಗೆ ಇದೇ ಪಾಠ. ಶೇಷ 10 ಬಂದರೆ?

ಹೈಕ್ಯೂಬ್_ಹುಡುಗಿ

ಸೊನ್ನೆ ಹಾಕುತ್ತಾರೆ ಸರ್.

ಖಾಲಿ_ಡಬ್ಬ

ಲಾರಿಯವರ ಶೌಚಾಲಯದಿಂದ ಒಂಬತ್ತನೇ ಕ್ಲಾಸಿನ ಶೇಷಕ್ಕೆ ಬಂದೆವು. ಭಲೇ.

ಜುರೊಂಗ್_ಕನ್ನಡಿಗ

ಸಿಂಗಾಪುರದಲ್ಲಿದ್ದೇನೆ, ಬಂದರಿಗೆ ಸಂಬಂಧಪಟ್ಟ ಕೆಲಸ. ಇಲ್ಲಿ ತುವಾಸ್ ಬಂದರು 2022ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಶುರುವಾಯಿತು. ಯಾರ್ಡ್‌ನಲ್ಲಿ ಡ್ರೈವರ್ ಇಲ್ಲದ ಗಾಡಿಗಳು. ಯಾರ್ಡ್ ಕ್ರೇನ್ ನೋಡಿಕೊಳ್ಳುವವರು ರೂಮಿನಲ್ಲಿ ಕೂತಿರುತ್ತಾರೆ, ಒಬ್ಬರಿಗೆ ಹಲವು ಕ್ರೇನ್. ನನಗೆ ಪರಿಚಯದ ಆಪರೇಟರ್ ಒಬ್ಬರು ಮೊದಲು ಮೇಲೆ ಕ್ಯಾಬಿನ್‌ನಲ್ಲೇ ಇದ್ದವರು. ಬೆನ್ನುನೋವು, ಕುತ್ತಿಗೆ ನೋವು ಹೋಯಿತು ಅಂತ ಖುಷಿ. ಆದರೆ ಒಂದು ವಿಚಿತ್ರ ಹೇಳಿದರು. ಕ್ಯಾಬಿನ್‌ನಲ್ಲಿ ಬಾಕ್ಸ್ ಕೂತದ್ದು ಸೀಟಿಗೆ ಗೊತ್ತಾಗುತ್ತಿತ್ತಂತೆ. ಒಂದು ಸಣ್ಣ ಕುಲುಕು. ಈಗ ಕ್ಯಾಮೆರಾದಲ್ಲಿ ಕಾಣುತ್ತದೆ, ಆದರೆ ಮೈಗೆ ಗೊತ್ತಾಗುವುದಿಲ್ಲ. ಅದು ಒಗ್ಗಲು ಬಟನ್ ಕಲಿಯುವುದಕ್ಕಿಂತ ಜಾಸ್ತಿ ದಿನ ಬೇಕಾಯಿತು ಅಂದರು.

ದೂರ ಯಾಕೆ, ಕೇರಳದ ವಿಳಿಞಂನಲ್ಲೂ ಯಾರ್ಡ್ ಕ್ರೇನ್‌ಗಳನ್ನು ಕಂಟ್ರೋಲ್ ರೂಮಿನಿಂದಲೇ ನಡೆಸುತ್ತಾರೆ. ಆ ಬಂದರು 2025ರ ಮೇ 2ರಂದು ಉದ್ಘಾಟನೆ ಆಯಿತು. ಅಲ್ಲಿ ಕ್ರೇನ್ ನಡೆಸುವವರಲ್ಲಿ ಆ ಊರಿನ ಸುತ್ತಲಿನ ಹೆಣ್ಣುಮಕ್ಕಳೂ ಇದ್ದಾರೆ.

ಕೆಂಪು_ಅಂಗಿ

ಹೊಸ ಬಂದರಿನಲ್ಲಿ ಹೊಸಬರಿಗೆ ಕಲಿಸುವುದು ಸುಲಭ. ಅಲ್ಲಿ ಕಳೆದುಕೊಳ್ಳುವವರೇ ಇರಲಿಲ್ಲ. ನಾಗ ಕೇಳಿದ್ದು ಹಳಬರ ಬಗ್ಗೆ.

ಜುರೊಂಗ್_ಕನ್ನಡಿಗ

ಒಪ್ಪಿದೆ. ಆದರೂ ಆ ಹೆಣ್ಣುಮಕ್ಕಳು ಕ್ರೇನ್ ಹಿಡಿದದ್ದು ಸಣ್ಣ ವಿಷಯ ಅಲ್ಲ.

ಸರ್ವರ್_ಸೀನ

ಹಾಳೆ ಪೂರ್ತಿ ಕಿತ್ತುಕೊಳ್ಳಿ ಅನ್ನುವವರಿಗೆ ಒಂದು ನೆನಪು. 2017ರ ಜೂನ್ 27. ನಾಟ್‌ಪೆಟ್ಯಾ ವೈರಸ್ ಮಾರ್ಸ್ಕ್ ಹಡಗು ಕಂಪನಿಯ ಕಂಪ್ಯೂಟರ್‌ಗಳನ್ನು ಮಲಗಿಸಿತು. ನಾವಾ ಶೇವಾದ ಒಂದು ಟರ್ಮಿನಲ್‌ಗೂ ಬಿಸಿ ತಟ್ಟಿತು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಿದರು ಅಂತ ಕಂಪನಿಯ ಮುಖ್ಯಸ್ಥರೇ ಆಮೇಲೆ ಹೇಳಿದರು. ಅಷ್ಟು ದಿನ ಬಹಳಷ್ಟು ಕೆಲಸ ಕೈಯಲ್ಲೇ ನಡೆಯಿತು. ಪೆನ್ನು ಹಿಡಿದು ಟರ್ಮಿನಲ್ ನಡೆಸುವುದು ಗೊತ್ತಿದ್ದವರು ಅವತ್ತು ದೇವರ ಹಾಗೆ ಕಂಡಿರಬೇಕು. ಮಾಮಾನಂಥವರನ್ನು ಮೂಲೆಗೆ ಕೂರಿಸಬೇಡಿ.

ಗೋಲೈವ್_ಗಿರಿ

ಸೀನ, ಅದು ಸಿಸ್ಟಂ ಬಿದ್ದ ದಿನಕ್ಕೆ. ದಿನಾ ಬಿದ್ದ ಹಾಗೆ ನಡೆಸು ಅಂತ ಅಲ್ಲ.

ಸರ್ವರ್_ಸೀನ

ಆ ದಿನಕ್ಕೆ ಅಭ್ಯಾಸ ಬೇಡವಾ? ತಿಂಗಳಿಗೊಂದು ಶಿಫ್ಟ್ ಹಾಳೆಯಲ್ಲಿ ನಡೆಸಲಿ, ಹಳಬರು ಹೊಸಬರಿಗೆ ಕಲಿಸಲಿ.

ಗೋಲೈವ್_ಗಿರಿ

ಸರಿ, ಇದು ಒಳ್ಳೆಯ ಐಡಿಯಾ. ಸೋತೆ.

ಕಾಗುಣಿತ

ಸ್ಕ್ರೀನು ಕನ್ನಡದಲ್ಲಿ ಇದ್ದಿದ್ದರೆ ಅರ್ಧ ತೊಂದರೆ ಇರುತ್ತಿರಲಿಲ್ಲ. ಇದನ್ನು ಯಾರೂ ಎತ್ತಲಿಲ್ಲವಲ್ಲ?

ಆರ್‌ಟಿಜಿ_ಏಳನೇ_ಗಾಡಿ

ನಮ್ಮ ಶಿಫ್ಟ್‌ನಲ್ಲಿ ಕನ್ನಡ, ತುಳು, ಮರಾಠಿ, ಮಲಯಾಳ, ಹಿಂದಿ ಎಲ್ಲರೂ ಇದ್ದಾರೆ. ಸ್ಪ್ರೆಡರ್, ಟ್ವಿಸ್ಟ್‌ಲಾಕ್, ಹ್ಯಾಚ್, ಲ್ಯಾಶಿಂಗ್ ಎಲ್ಲರಿಗೂ ಅರ್ಥ ಆಗುತ್ತದೆ. ಟ್ವಿಸ್ಟ್‌ಲಾಕ್‌ಗೆ 'ತಿರುಚು ಬೀಗ' ಅಂತ ಬಂದರೆ ನಾನು ಗೇರ್ ಬಿಟ್ಟು ನಗುತ್ತ ಕೂರಬೇಕಾಗುತ್ತದೆ.

ಕಾಗುಣಿತ

ಹೆಸರುಗಳು ಹಾಗೇ ಇರಲಿ. ತಪ್ಪಾದಾಗ ಬರುವ ಮೆಸೇಜ್? "ಇನ್‌ವ್ಯಾಲಿಡ್ ಪೊಸಿಷನ್, ಟ್ರಾನ್ಸಾಕ್ಷನ್ ಅಬಾರ್ಟೆಡ್" ಅಂತ ಕೆಂಪಕ್ಷರದಲ್ಲಿ ಬಂದರೆ ಐವತ್ತೈದು ದಾಟಿದವರಿಗೆ ಎದೆ ಡವಡವ ಅನ್ನುವುದಿಲ್ಲವಾ? "ಆ ಜಾಗದಲ್ಲಿ ಬೇರೆ ಬಾಕ್ಸ್ ಇದೆ, ಇನ್ನೊಮ್ಮೆ ನೋಡಿ" ಅಂತ ಬಂದರೆ?

ಆರ್‌ಟಿಜಿ_ಏಳನೇ_ಗಾಡಿ

ಅದು ಸರಿ. ಅದಕ್ಕೆ ಕೈ ಎತ್ತಿದೆ.

ನೈಟ್‌ಶಿಫ್ಟ್_ನಾಗ

ಹನ್ನೊಂದು ದಿನ ಆಯಿತು, ಬರೆಯಲು ತಡವಾಯಿತು. ಏನಾಯಿತು ಅಂತ ಹೇಳುತ್ತೇನೆ.

ಮೊದಲು ಆ ಲಿಸ್ಟ್ ಕಿತ್ತೆ. ಮೇಲಿನವರನ್ನು ಕೇಳದೆ ಕಿತ್ತೆ. ಆಮೇಲೆ ಕೇಳಿದರು, "ಗಾಳಿಗೆ ಹಾರಿಹೋಯಿತು" ಅಂದೆ.

ಅವತ್ತು ರಾತ್ರಿ ಎರಡೂವರೆಗೆ ಕ್ರೇನ್ ಸ್ವಲ್ಪ ಹೊತ್ತು ನಿಂತಿತ್ತು. ಮಾಮಾನಿಗೆ ಚಹಾ ಕೊಟ್ಟು ಕೇಳಿದೆ, ಹಾಳೆ ಯಾಕೆ ಬಿಡುವುದಿಲ್ಲ ಅಂತ. ಬಿಸಿಲು, ಗ್ಲೌಸ್ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು "ಇದು ಹಡಗನ್ನು ತಲೆಕೆಳಗಾಗಿ ತೋರಿಸುತ್ತದೆ" ಅಂದರು. ನನಗೆ ಅರ್ಥ ಆಗಲಿಲ್ಲ. ಹಾಳೆಯ ಹಿಂದೆ ಬರೆದು ತೋರಿಸಿದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಡಗಿನಲ್ಲಿ ಸಾಲುಗಳಿಗೆ ನಂಬರ್ ಇರುತ್ತದೆ. ಮೂತಿಯ ಕಡೆ ಮುಖ ಮಾಡಿ ನಿಂತರೆ ಬಲಕ್ಕೆ 01, 03, 05. ಎಡಕ್ಕೆ 02, 04, 06. ಉದ್ದಕ್ಕೆ ಬೇ ನಂಬರ್, ಮೂತಿಯಿಂದ ಶುರು. ನಮ್ಮ ಹ್ಯಾಂಡ್‌ಹೆಲ್ಡ್‌ನಲ್ಲಿ ಹಡಗಿನ ಚಿತ್ರ ಬರುತ್ತದೆ, ಮೂತಿ ಯಾವಾಗಲೂ ಬಲಗಡೆ. ಹಡಗು ಬಲ ಮಗ್ಗುಲಿನಲ್ಲಿ ದಡಕ್ಕೆ ಕಟ್ಟಿದ್ದರೆ ಸರಿ, ನಾವು ನಿಂತಲ್ಲಿಂದ ಮೂತಿ ಬಲಕ್ಕೇ ಇರುತ್ತದೆ. ಎಡ ಮಗ್ಗುಲಿನಲ್ಲಿ ಕಟ್ಟಿದ್ದರೆ ನಮ್ಮ ಕಣ್ಣಿಗೆ ಮೂತಿ ಎಡಕ್ಕೆ, ಸ್ಕ್ರೀನಿನಲ್ಲಿ ಬಲಕ್ಕೆ. ಬಾಕ್ಸ್ ನಿಜವಾಗಿ ಇರುವ ಜಾಗ ಒಂದು ಕಡೆ, ಬೆರಳು ಒತ್ತುವುದು ಇನ್ನೊಂದು ಕಡೆ. ಹೊಸ ಹುಡುಗರು ನಂಬರ್ ಮಾತ್ರ ನೋಡಿ ಒತ್ತುತ್ತಾರೆ, ಅವರಿಗೆ ತಟ್ಟುವುದಿಲ್ಲ. ಮೂವತ್ತು ವರ್ಷ ಹಡಗು ನೋಡಿದವರು ಮೊದಲು ಜಾಗ ನೋಡುತ್ತಾರೆ, ಆಮೇಲೆ ನಂಬರ್. ಅದಕ್ಕೇ ಹಳಬರದ್ದೇ ಜಾಸ್ತಿ ತಪ್ಪು! ನಾಲ್ಕು ತಿಂಗಳ ಲಿಸ್ಟ್ ತೆಗೆದು ಬರ್ತಿಂಗ್ ರಿಜಿಸ್ಟರ್ ಜೊತೆ ಇಟ್ಟು ನೋಡಿದೆ. ಹಡಗಿನ ಜಾಗ ತಪ್ಪಾದ ಎಂಟ್ರಿಗಳಲ್ಲಿ ಮುಕ್ಕಾಲು ಪಾಲು ಎಡ ಮಗ್ಗುಲಿನ ಹಡಗುಗಳದ್ದೇ.

"ಇಷ್ಟು ದಿನ ಯಾಕೆ ಹೇಳಲಿಲ್ಲ ಮಾಮಾ?" ಅಂದೆ. "ಕಂಪ್ಯೂಟರ್ ಸರಿಯೇ ಇರುತ್ತದೆ, ನನಗೇ ತಲೆ ಕೆಟ್ಟಿದೆ ಅಂದುಕೊಂಡಿದ್ದೆ" ಅಂದರು.

ಗೋಲೈವ್_ಗಿರಿ

ಅಯ್ಯೋ ದೇವರೇ. ಚಿತ್ರ ತಿರುಗಿಸುವುದು ಒಂದು ಸೆಟ್ಟಿಂಗ್ ಇರಬೇಕು. ಬರೆದವರು ಬರ್ತ್ ನೋಡಿಯೇ ಇಲ್ಲ. ನಾಚಿಕೆ ಆಗುತ್ತಿದೆ.

ನೈಟ್‌ಶಿಫ್ಟ್_ನಾಗ

ಸೆಟ್ಟಿಂಗ್ ಇದೆಯಂತೆ, ಹಾಕಿರಲಿಲ್ಲವಂತೆ. ಸಾಫ್ಟ್‌ವೇರ್‌ನ ಇಬ್ಬರು ಹುಡುಗರು ಸೋಮವಾರ ಬರುತ್ತಾರೆ. ಈ ಸಲ ಹಾಲ್‌ನಲ್ಲಿ ಅಲ್ಲ, ಬರ್ತ್‌ನಲ್ಲಿ, ಮಾಮಾನ ಜೊತೆ ಪೂರ್ತಿ ಎಂಟು ಗಂಟೆ. ಹಾಳೆ ಇನ್ನೂ ಇದೆ, ಒಪ್ಪಿಕೊಳ್ಳುತ್ತೇನೆ. ಗಿರಿ ಹೇಳಿದ ಹಾಗೆ ತಾರೀಕು ಗೊತ್ತು ಮಾಡಿದ್ದೇವೆ, ಪುಟ್ಟಸ್ವಾಮಿಯವರು ಹೇಳಿದ ಹಾಗೆ ಅಲ್ಲಿಯ ತನಕ ಹಳಬರೇ ತಾಳೆ ಹಾಕುತ್ತಾರೆ. ಹ್ಯಾಂಡ್‌ಹೆಲ್ಡ್ ಬದಲಾಯಿಸಲು ದುಡ್ಡಿಲ್ಲ ಅಂದರು. ಸ್ಕ್ರೀನಿಗೆ ನೆರಳು ಬೀಳುವ ಹಾಗೆ ರಟ್ಟಿನ ಟೋಪಿ ಮಾಡಿಕೊಂಡಿದ್ದೇವೆ. ಮಳೆಗಾಲಕ್ಕೆ ಏನು ಮಾಡುವುದೋ.

ಕೆಂಪು_ಅಂಗಿ

ಕೆಲಸ ಉಳಿಯುತ್ತದಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ನೈಟ್‌ಶಿಫ್ಟ್_ನಾಗ

ಅದನ್ನು ನಾನೂ ಮೇಲೆ ಕೇಳಿದ್ದೇನೆ. ಅಲ್ಲಿಂದಲೂ ಬಂದಿಲ್ಲ.

ಮಸ್ಜಿದ್‌ಬಂದರ್_ಶೆಟ್ಟಿ

ಆ ಹುಡುಗರಿಗೆ ಒಳ್ಳೆ ಬೂಟು ಹಾಕಿಕೊಂಡು ಬರಲು ಹೇಳಿ. ಎಂಟು ಗಂಟೆ ಕಾಂಕ್ರೀಟಿನ ಮೇಲೆ ನಿಂತು ಅಭ್ಯಾಸ ಇರುವುದಿಲ್ಲ.

ಹತ್ತು_ಚಕ್ರ

ನಾಗಣ್ಣ, ಹೆಸರು ಹೇಳದಿದ್ದರೂ ಯಾವ ಗೇಟು ಅಂತ ನನಗೆ ಅಂದಾಜಿದೆ. ಗುರುವಾರ ರಾತ್ರಿ ಬರುತ್ತಿದ್ದೇನೆ, 20 ಅಡಿಯದು ಎರಡು. ಶೌಚಾಲಯದ ವಿಷಯ ಯಾರೂ ಮಾತಾಡಲಿಲ್ಲ, ನೆನಪಿರಲಿ.